ಡಿಲೀಟ್ ಟೂಲ್ ಕೈಕೊಟ್ಟಾಗ: ಸೈಟ್ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಐ ಏಜೆಂಟಿನ ದೋಷ ಹುಡುಕುವ ಬಗೆ

ಸಾಗರದ ಕಡೆ ಒಂದು ಮನೆ ಕೆಲಸ. ಪಾಯಕ್ಕೆ ಕಂಬಿ ಕಟ್ಟಿ, ಫೋಟೋ ಹೊಡೆದು, ಕಾಂಕ್ರೀಟ್ ಹಾಕಿ, ಮಣ್ಣು ಮುಚ್ಚಿ ಆಗಿತ್ತು. ಸೂಪರ್‌ವೈಸರ್ ಹುಡುಗ ಮೊಬೈಲಿಗೆ ಬಾಯಲ್ಲೇ ಹೇಳಿದ: "ಪಾಯದ ಫೋಟೋ ಎಲ್ಲ ತೆಗೆದು ಬಿಲ್ಲಿಗೆ ರೆಡಿ ಮಾಡು." ಆ್ಯಪಿನೊಳಗಿನ ಎಐ ಏಜೆಂಟು, ಅಂದರೆ ಹೇಳಿದ ಮಾತು ಕೇಳಿ ತಾನೇ ಕೆಲಸ ಮಾಡುವ ಪ್ರೋಗ್ರಾಂ, ತೆಗೆಯಿತು. 14 ಫೋಟೋ, ಒಂದೂ ಉಳಿಯದ ಹಾಗೆ. ಬಿಲ್ಲೂ ರೆಡಿ ಮಾಡಿತು, ಫೋಟೋ ಇಲ್ಲದೆ.

ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಫೋಟೋ ತೆಗಿ ಅಂದರೆ ಹೊಡಿ ಅಂತ, ಪ್ರಿಂಟ್ ತೆಗಿ ಅಂದರೆ ಕಾಗದಕ್ಕೆ ಇಳಿಸು ಅಂತ, ಬ್ಯಾಂಕಲ್ಲಿ ಖಾತೆ ತೆಗಿ ಅಂದರೆ ಶುರು ಮಾಡು ಅಂತ. ಕಸ ತೆಗಿ ಅಂದಾಗ ಮಾತ್ರ ಬಿಸಾಕು ಅಂತ. ಏಜೆಂಟಿನದ್ದೂ ಪೂರ್ತಿ ತಪ್ಪಲ್ಲ. ಅಳಿಸಲು ಅದು ಕರೆದು ಬಳಸುವ ಸಲಕರಣೆ, ಅಂದರೆ ಡಿಲೀಟ್ ಟೂಲಿಗೆ, ಒಂದೇ ಸಾಲಿನ ವಿವರಣೆ ಇತ್ತು: "ದಾಖಲೆಯನ್ನು ತೆಗೆಯುತ್ತದೆ." ಆ ಸಾಲು ಬರೆದವನು ನಾನು.

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಸಣ್ಣ ಕಂತ್ರಾಟುದಾರರ ಕಚೇರಿಗಳಿಗೆ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಸಾಮಾನಿನ ಲೆಕ್ಕ, ಹಾಜರಿ, ಅಳತೆ, ಬಿಲ್ಲು ಎಲ್ಲಕ್ಕೂ ಈಗ ಏಜೆಂಟನ್ನು ಜೋಡಿಸಿದ್ದೇವೆ. ಸೇರಿಸುವುದರಲ್ಲಿ, ಓದುವುದರಲ್ಲಿ ಅದು ತೊಂದರೆ ಕೊಟ್ಟದ್ದು ಕಮ್ಮಿ. ಅಳಿಸುವುದರಲ್ಲೇ ಎಲ್ಲ ರಗಳೆ. ಫೋನ್ ಮಾಡುವವರು ಯಾವ ಮಾತಿನಲ್ಲಿ ದೂರು ಹೇಳುತ್ತಾರೋ ಅದೇ ಮಾತನ್ನು ತಲೆಬರಹ ಮಾಡಿ, ಪುಕ್ಕಟೆ ಪರೀಕ್ಷೆಯಿಂದ ಶುರು ಮಾಡಿ ಕಷ್ಟದ್ದರ ಕಡೆ ಹೋಗುತ್ತೇನೆ.

ಯಾವ ಲಕ್ಷಣವಾದರೂ ಮೊದಲು ಇಷ್ಟು

"ಯಾಕೆ ಅಳಿಸಿದೆ?" ಎಂದು ಏಜೆಂಟನ್ನು ಕೇಳುತ್ತ ಕೂರಬೇಡಿ. ಸೆಟ್ಟಿಂಗಿಗೆ ಹೋಗಿ ಅದರ ಅನುಮತಿಯನ್ನು "ಓದಲು ಮಾತ್ರ" ಮಾಡಿ. ಆ ಆಯ್ಕೆ ಇಲ್ಲದಿದ್ದರೆ ಅದರ ಎಪಿಐ ಕೀಯನ್ನೇ (ಸಾಫ್ಟ್‌ವೇರಿನೊಳಗೆ ಹೋಗಲು ಅದಕ್ಕೆ ಕೊಟ್ಟ ಗುಪ್ತ ಸಂಕೇತ) ರದ್ದು ಮಾಡಿ. ಒಂದು ನಿಮಿಷದ ಕೆಲಸ.

"ವಾಪಸ್ ಹಾಕು" ಎಂದೂ ಹೇಳಬೇಡಿ. ಇದು ಬಹಳ ಜನ ಮಾಡುವ ತಪ್ಪು. ಮರಳಿ ತರುವ ಟೂಲ್ ಅದರ ಹತ್ತಿರ ಇಲ್ಲದಿದ್ದರೆ, ಮಾತುಕತೆಯಲ್ಲಿ ಮೊದಲೇ ಓದಿದ್ದನ್ನು ನೋಡಿಕೊಂಡು ಹೊಸ ದಾಖಲೆ ಬರೆದುಬಿಡುತ್ತದೆ. ನೋಡಲು ಹಳೆಯದರ ಹಾಗೇ ಇರುತ್ತದೆ. ಆದರೆ ಐಡಿ (ದಾಖಲೆಯ ಗುರುತು ಸಂಖ್ಯೆ) ಹೊಸದು, ತಾರೀಕು ಇವತ್ತಿನದು, ಬರೆದವರ ಹೆಸರು ಏಜೆಂಟಿನದು, ಹಳೆಯದಕ್ಕೆ ಅಂಟಿಸಿದ್ದ ಚಲನ್ ಚಿತ್ರ ಇಲ್ಲ. ಆಮೇಲೆ ಅಸಲಿಯನ್ನು ಬುಟ್ಟಿಯಿಂದ (ಅಳಿಸಿದ್ದು ಸ್ವಲ್ಪ ದಿನ ಕೂರುವ ಜಾಗ) ತಂದರೆ ಎರಡೆರಡು ಆಗುತ್ತದೆ.

ಮೂರನೆಯದು ನಮ್ಮ ಸೀಮೆಗೆ ಖಾಸ್ ಆದದ್ದು. ಸೈಟಿನ ಆ್ಯಪ್ ಇರುವ ಫೋನುಗಳಲ್ಲಿ ಎರಡು ದಿನದಿಂದ ನೆಟ್‌ವರ್ಕ್ ಮುಟ್ಟದ ಫೋನು ಯಾವುದಾದರೂ ಇದೆಯೇ? ಆಗುಂಬೆ, ಹೊಸನಗರ ತಾಲೂಕಿನ ನಗರ ಎಂಬ ಊರಿನ ಕಡೆ ಮಳೆಗಾಲದಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಅಂಥ ಫೋನಿನಲ್ಲಿ ಅಳಿಸಿದ ದಾಖಲೆಯ ಪ್ರತಿ ಇನ್ನೂ ಜೀವಂತ ಇರುತ್ತದೆ. ಫೋನಿನವರು ಸಿಗ್ನಲ್ ಇರುವ ಕಡೆಗೆ ಬಂದು ಅಲ್ಲಿಯದೂ ಅಳಿಸಿಹೋಗುವ ಮೊದಲೇ ಯಾರ ಕೈಲಾದರೂ ಹೇಳಿ ಕಳಿಸಿ, ಏರೋಪ್ಲೇನ್ ಮೋಡಿಗೆ ಹಾಕಿಸಿ. ಬ್ಯಾಕಪ್ ಎಂದು ಯಾರೂ ಎಣಿಸದ ಬ್ಯಾಕಪ್ ಅದು.

"ಅಳಿಸಿದೆ ಅನ್ನುತ್ತದೆ, ದಾಖಲೆ ಅಲ್ಲೇ ಇದೆ"

ಪರದೆ ರಿಫ್ರೆಶ್ ಮಾಡಿ. ನಗಬೇಡಿ, ಮೂರಕ್ಕೆ ಒಂದು ಫೋನ್ ಕರೆ ಇಲ್ಲೇ ಮುಗಿಯುತ್ತದೆ. ಆಮೇಲೆ ಪಟ್ಟಿಯ ಮೇಲಿರುವ ಫಿಲ್ಟರ್ ನೋಡಿ. "ಅಳಿಸಿದವನ್ನೂ ತೋರಿಸು" ಎಂಬುದಕ್ಕೆ ಗುರುತು ಬಿದ್ದಿದ್ದರೆ ದಾಖಲೆ ಬುಟ್ಟಿಯಲ್ಲಿದ್ದರೂ ಪಟ್ಟಿಯಲ್ಲಿ ಕಾಣುತ್ತದೆ. ಎಷ್ಟೋ ಸಾಫ್ಟ್‌ವೇರುಗಳು ನಿಜವಾಗಿ ಅಳಿಸುವುದಿಲ್ಲ, "ಅಳಿಸಿದೆ" ಎಂದು ಒಂದು ಚೀಟಿ ಅಂಟಿಸಿ ಮರೆಯಲ್ಲಿಡುತ್ತವೆ.

ಇಷ್ಟಾಗಿಯೂ ಇದ್ದರೆ ಏಜೆಂಟಿನ ಲಾಗ್ (ಅದು ಏನೇನು ಮಾಡಿತು ಎಂಬ ದಿನಚರಿ) ತೆರೆಯಿರಿ. ಅದು ಆಡಿದ ಮಾತು ಬೇಡ, ಕರೆದ ಟೂಲಿನ ಸಾಲು ಬೇಕು. ಟೂಲಿನ ಕರೆಯೇ ಇಲ್ಲ, ಬರೀ "ಆಯಿತು, ಅಳಿಸಿದ್ದೇನೆ" ಎಂಬ ಮಾತಷ್ಟೇ ಇದೆ ಅಂದರೆ ಆ ಮಾತುಕತೆಗೆ ಟೂಲ್ ಜೋಡಣೆಯೇ ಆಗಿಲ್ಲ ಎಂದು ಮೊದಲು ಅನುಮಾನಿಸಿ. ಕೆಲಸ ಮಾಡದೆ ಗೋಣು ಆಡಿಸುವ ಗುಮಾಸ್ತರು ಮನುಷ್ಯರಲ್ಲೂ ಇದ್ದಾರೆ.

ಕರೆ ಇದ್ದರೆ ಸರ್ವರ್ ಕೊಟ್ಟ ಸಂಖ್ಯೆ ನೋಡಿ. 204 ಅಂದರೆ ಅಳಿಸಿದೆ, ಹೇಳಲು ಬೇರೇನೂ ಇಲ್ಲ. 401 ಅಂದರೆ ಕೀ ಸರಿಯಿಲ್ಲ, ಅಥವಾ ಅದರ ಅವಧಿ ಮುಗಿದಿದೆ. 403 ಅಂದರೆ ಯಾರೆಂದು ಗೊತ್ತು, ಆದರೆ ಅಳಿಸುವ ಹಕ್ಕು ಇಲ್ಲ. ಕೆಟ್ಟದ್ದು ಯಾವುದೆಂದರೆ ಎಲ್ಲ ಸರಿ ಎನ್ನುವ ಸಂಖ್ಯೆ 200 ಬಂದು, ಒಳಗಿನ ಪಠ್ಯದಲ್ಲಿ "ಅನುಮತಿ ಇಲ್ಲ" ಎಂದಿರುವುದು. ಸರ್ವರಿನ ದೋಷವನ್ನು ಟೂಲ್ ಬರೆದವರು ಚೆಂದವಾಗಿ ಸುತ್ತಿ ಯಶಸ್ಸಿನ ಕವರಿನಲ್ಲಿ ಕಳಿಸಿರುತ್ತಾರೆ. ಏಜೆಂಟು ಕವರ್ ಮಾತ್ರ ನೋಡುತ್ತದೆ. ಇಂಥ ಕಡೆ ಏಜೆಂಟಿನೊಳಗಿನ ಭಾಷಾ ಮಾಡೆಲ್ಲನ್ನೇ ಬದಲಿಸಿ ನೋಡಿದವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇನ್ನೊಂದು ನಮೂನೆ: ಅಳಿಸಿದ್ದು ಹೋಗುತ್ತದೆ, ಎರಡು ದಿನ ಬಿಟ್ಟು ತಾನೇ ಎದ್ದು ಬರುತ್ತದೆ. "ಎಂಥದ್ದು ಮಾರಾಯ್ರೆ ಇದು, ಸತ್ತದ್ದು ಬದುಕಿ ಬರ್ತದೆ" ಎಂದು ತೀರ್ಥಹಳ್ಳಿಯ ಒಬ್ಬ ಕಂತ್ರಾಟುದಾರರು ಫೋನ್ ಮಾಡಿದ್ದರು. ಕಾರಣ ಸೈಟಿನ ಫೋನು. ಘಟ್ಟದ ಬುಡದಲ್ಲಿ ನೆಟ್ ಇಲ್ಲದೆ ಕೂತಿದ್ದ ಆ ಫೋನಿನಲ್ಲಿ ಹಳೆಯ ನಮೂದು ಇತ್ತು. ಶನಿವಾರ ಬಟವಾಡೆಗೆ ಪೇಟೆಗೆ ಬಂದಾಗ ಸಿಗ್ನಲ್ ಸಿಕ್ಕಿತು. "ನನ್ನ ಹತ್ತಿರ ಇದೆ, ಸರ್ವರಿನಲ್ಲಿ ಇಲ್ಲ, ಅಂದರೆ ಇದು ಹೊಸದು" ಎಂದುಕೊಂಡು ಆ್ಯಪ್ ಅದನ್ನು ಮೇಲೆ ಕಳಿಸಿತು. ಪರೀಕ್ಷೆ ಸುಲಭ: ಎದ್ದು ಬಂದ ದಾಖಲೆಯ ಚರಿತ್ರೆಯಲ್ಲಿ ಅದನ್ನು ಸೇರಿಸಿದ ಸಾಧನ ಯಾವುದು ಎಂದಿದೆ ನೋಡಿ. ಫೋನಿನ ಹೆಸರಿದ್ದರೆ ಏಜೆಂಟಿನದ್ದೇನೂ ತಪ್ಪಿಲ್ಲ. ಅಳಿಸಿದ ಐಡಿಗಳ ಪಟ್ಟಿಯನ್ನು ಸರ್ವರ್ ಸ್ವಲ್ಪ ಕಾಲ ಇಟ್ಟುಕೊಂಡು "ಇದು ಸತ್ತಿದೆ, ತಗೊಳ್ಳೋದಿಲ್ಲ" ಎನ್ನಬೇಕು. ಎಷ್ಟು ಕಾಲ? ನಿಮ್ಮ ಫೋನುಗಳು ಅತಿ ಹೆಚ್ಚು ಎಷ್ಟು ದಿನ ನೆಟ್ ಇಲ್ಲದೆ ಇರುತ್ತವೋ ಅದಕ್ಕಿಂತ ಹೆಚ್ಚು. ಬೆಂಗಳೂರಿನವರಿಗೆ ಒಂದು ದಿನ ಸಾಕಾಗಬಹುದು, ನಾವು 45 ದಿನ ಇಟ್ಟಿದ್ದೇವೆ.

"ಇಂಥ ದಾಖಲೆಯೇ ಇಲ್ಲ ಅನ್ನುತ್ತದೆ"

ಸರ್ವರಿನ ಭಾಷೆಯಲ್ಲಿ ಇದು 404. ಮೊದಲು ಲಾಗಿನಲ್ಲಿ ಅದೇ ಐಡಿಗೆ ಕೆಲವು ಸೆಕೆಂಡು ಹಿಂದೆ ಇನ್ನೊಂದು ಕರೆ ಹೋಗಿದೆಯೇ ನೋಡಿ. ಹೋಗಿದ್ದರೆ ಕಥೆ ಇಷ್ಟೇ: ಮೊದಲ ಕರೆ ಕೆಲಸ ಮುಗಿಸಿದೆ, ಉತ್ತರ ಬರುವಷ್ಟರಲ್ಲಿ ನೆಟ್ ಹೋಗಿದೆ, ಏಜೆಂಟು ಮತ್ತೆ ಕರೆದಿದೆ, ಆಗ ದಾಖಲೆ ಇಲ್ಲ. ಎರಡನೆಯ ಸಲದ 404 ಗೆಲುವಿನ ಸುದ್ದಿ.

ಅಪಾಯ ಅದರ ಮುಂದಿನ ಸಾಲಿನಲ್ಲಿರುತ್ತದೆ. "ಸಿಗಲಿಲ್ಲ" ಎಂದ ಮೇಲೆ ಏಜೆಂಟು ಸುಮ್ಮನಾಯಿತೋ, ಅಥವಾ ಹೆಸರು ಹಿಡಿದು ಹುಡುಕಲು ಹೊರಟಿತೋ? ಹೊರಟಿದ್ದರೆ ಅಲ್ಲೇ ಓದುವುದು ನಿಲ್ಲಿಸಿ, "ಬೇರೆ ಯಾವುದೋ ಹೋಗಿದೆ" ಎಂಬ ಭಾಗಕ್ಕೆ ಹೋಗಿ.

ಮೊದಲ ಕರೆಗೇ 404 ಬಂದಿದ್ದರೆ ಐಡಿಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಎಕ್ಸೆಲ್ ಹಾದು ಬಂದ ಐಡಿಯಲ್ಲಿ ಮುಂದಿನ ಸೊನ್ನೆಗಳು ಉದುರಿರುತ್ತವೆ, 00127 ಹೋಗಿ 127 ಆಗಿರುತ್ತದೆ. ತೀರ ಉದ್ದದ ಐಡಿಯಲ್ಲಿ ಕೊನೆಯ ಒಂದೆರಡು ಅಂಕಿ ಮಾತ್ರ ಬೇರೆ ಇದ್ದರೆ ಅದು ಇನ್ನೊಂದು ಕಾಯಿಲೆ: 9007199254740991 ದಾಟಿದ ಪೂರ್ಣಾಂಕಗಳನ್ನು ಜಾವಾಸ್ಕ್ರಿಪ್ಟ್ ತನ್ನ ಸಾಮಾನ್ಯ ಸಂಖ್ಯೆಯಾಗಿ ನಿಖರವಾಗಿ ಹಿಡಿಯಲಾರದು, ಹತ್ತಿರದ್ದಕ್ಕೆ ಒಗೆಯುತ್ತದೆ. ಎರಡಕ್ಕೂ ಮದ್ದು ಒಂದೇ. ಐಡಿಯನ್ನು ಸಂಖ್ಯೆಯಾಗಿ ಬೇಡ, ಪಠ್ಯವಾಗಿ ಕಳಿಸಬೇಕು ಎಂದು ಟೂಲಿನ ವಿವರಣೆಯಲ್ಲೂ ನಮೂನೆಯಲ್ಲೂ ಬರೆಯಿರಿ.

ಹೆಸರಿನಿಂದ ಹುಡುಕಿ ಅಳಿಸುವ ಟೂಲಾದರೆ ನಮ್ಮ ಊರಿನ ಹೆಸರೇ ಕಾಡುತ್ತದೆ. 2014ರ ನವೆಂಬರ್ 1ರಂದು ಶಿಮೊಗ್ಗ ಅಧಿಕೃತವಾಗಿ ಶಿವಮೊಗ್ಗ ಆಯಿತು. ಹಳೆಯ ಕಡತದಿಂದ ಎತ್ತಿ ತುಂಬಿದ ದಾಖಲೆಯಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ಅದರ ಮೇಲೆ ಕನ್ನಡ ಟೈಪಿಂಗಿನ ಕಾಟ: "ಬಿಲ್ ೧೨" ಮತ್ತು "ಬಿಲ್ 12" ಯಂತ್ರಕ್ಕೆ ಬೇರೆ ಬೇರೆ. "ಕೋ"ದಲ್ಲಿರುವ ಓತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಎರಡು. "ಸೂಪರ್‌ವೈಸರ್" ಎಂಬಲ್ಲಿ ಅರ್ಕಾವತ್ತು ಕೂಡದಂತೆ ನಡುವೆ ಕಾಣದ ಒಂದು ಅಕ್ಷರ ಹಾಕಿರುತ್ತೇವೆ, ಎಲ್ಲರೂ ಹಾಕುವುದಿಲ್ಲ. ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತರುವ ಕೆಲಸವನ್ನು ಪ್ರೋಗ್ರಾಮರಿಗೆ ಹೇಳಿ ಮಾಡಿಸಿ. ಅದಕ್ಕಿಂತ ಒಳ್ಳೆಯದು, ಹೆಸರಿನಿಂದ ಅಳಿಸುವ ದಾರಿಯನ್ನೇ ಮುಚ್ಚುವುದು.

"ಅರ್ಧ ಅಳಿಸಿ ನಿಂತಿದೆ"

ಉಳಿದದ್ದು ಎಷ್ಟು ಎಂದು ಎಣಿಸಿ. ಎಣಿಕೆಯೇ ಕಾರಣ ಹೇಳಿಬಿಡುತ್ತದೆ.

200 ಬೇಡದ ನಮೂದುಗಳು, ಒಂದು ಪುಟಕ್ಕೆ 50. ಏಜೆಂಟು ಮೊದಲ ಪುಟದ 50 ಅಳಿಸುತ್ತದೆ. ಉಳಿದದ್ದು 150. ಈಗ "ಎರಡನೆಯ ಪುಟ ಕೊಡು" ಎನ್ನುತ್ತದೆ. ಆದರೆ ಪಟ್ಟಿ ಮೇಲಕ್ಕೆ ಸರಿದಿದೆ. ಮೊದಲು ಎರಡನೆಯ ಪುಟದಲ್ಲಿದ್ದವು ಈಗ ಮೊದಲನೆಯದರಲ್ಲಿವೆ, ಅವನ್ನು ನೋಡದೆ ದಾಟಿ ಹೋಯಿತು. ಮತ್ತೆ 50 ಅಳಿಸಿತು, ಉಳಿದದ್ದು 100. ಮೂರನೆಯ ಪುಟ ಕೇಳಿದರೆ ಖಾಲಿ. "ಎಲ್ಲ ಮುಗಿಯಿತು" ಎಂದಿತು. ಸರಿಯಾಗಿ ಅರ್ಧ ಉಳಿಯಿತು. ಉಳಿದವು ಹೀಗೆ ಒಂದೊಂದು ಗುಂಪು ಬಿಟ್ಟು ಒಂದೊಂದು ಗುಂಪಾಗಿದ್ದರೆ ದೋಷ ಪುಟ ಎಣಿಸುವುದರಲ್ಲಿದೆ. ಮೊದಲು ಎಲ್ಲ ಐಡಿಗಳನ್ನೂ ಬರೆದುಕೊಂಡು ಆಮೇಲೆ ಅಳಿಸಬೇಕು, ಅಥವಾ ಪ್ರತಿ ಸಲವೂ ಮೊದಲ ಪುಟವನ್ನೇ ಕೇಳಬೇಕು.

ಉಳಿದವು ಒಂದೇ ಕಡೆ, ಪಟ್ಟಿಯ ಬಾಲದಲ್ಲಿದ್ದರೆ 429 ಹುಡುಕಿ. ಒಂದೇ ಸಮನೆ ಕರೆದಿದ್ದಕ್ಕೆ ಸರ್ವರ್ "ಸ್ವಲ್ಪ ತಡಿ" ಎಂದಿದೆ. ಕಾದು ಮುಂದುವರಿಸಿದರಾಯಿತು. ಚದುರಿ ಉಳಿದಿದ್ದರೆ ಅವುಗಳಲ್ಲಿ ಬೀಗ ಬಿದ್ದ ದಾಖಲೆಗಳಿವೆಯೇ ನೋಡಿ. ಒಪ್ಪಿಗೆಯಾದ ಬಿಲ್ಲು, ಸಹಿ ಬಿದ್ದ ಅಳತೆ ಪುಸ್ತಕ ಇಂಥವಕ್ಕೆ 409, ಅಂದರೆ ದಾಖಲೆಯ ಈಗಿನ ಸ್ಥಿತಿಗೆ ಇದು ಹೊಂದುವುದಿಲ್ಲ ಎಂಬ ಉತ್ತರ, ಬಂದಿರುತ್ತದೆ. ಅದು ದೋಷವಲ್ಲ, ಸಾಫ್ಟ್‌ವೇರ್ ನಿಮ್ಮನ್ನು ಕಾಪಾಡಿದೆ. ಬೀಗ ತೆಗೆಸಿ ಮತ್ತೆ ಓಡಿಸುವ ಆಸೆ ಬೇಡ.

"ಡೂಪ್ಲಿಕೇಟ್ ತೆಗಿ ಅಂದೆ, ಅಸಲಿ ಹೋಯಿತು"

ಯಾವ ದಾಖಲೆ ಹೋಗಿದೆ ಎಂದು ನೋಡುವ ಮೊದಲು, ಏಜೆಂಟು ಯಾವುದನ್ನು "ಒಂದೇ" ಎಂದುಕೊಂಡಿತು ಎಂದು ನೋಡಿ.

ಕಾಂಕ್ರೀಟ್ ಕ್ಯೂಬಿನ ಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಬಲ ಪರೀಕ್ಷೆಗೆಂದು ಎರಕ ಹೊಯ್ಯುವ 150 ಮಿಲಿಮೀಟರಿನ ಕ್ಯೂಬುಗಳು. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮೂರು ಕ್ಯೂಬು ಸೇರಿ ಒಂದು ಸ್ಯಾಂಪಲ್, ಮೂರರ ಸರಾಸರಿಯೇ ಫಲಿತಾಂಶ. ಅಂದರೆ ಒಂದೇ ತಾರೀಕು, ಒಂದೇ ಗ್ರೇಡು, ಒಂದೇ ಪಿಲ್ಲರ್, ಮೂರು ಸಾಲು. ಕೆಲಸ ಗೊತ್ತಿಲ್ಲದವರಿಗೆ ಮೂರು ಸಲ ಟೈಪ್ ಮಾಡಿದ ಹಾಗೇ ಕಾಣುತ್ತದೆ. ಏಜೆಂಟು ಎರಡನ್ನು ಅಳಿಸಿ ಒಂದು ಉಳಿಸಿತು. ಉಳಿದದ್ದು ಮೂರರಲ್ಲಿ ಹೆಚ್ಚು ಬಲದ್ದಾದರೆ ವರದಿ ಚೆನ್ನಾಗಿಯೇ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. 7 ದಿನಕ್ಕೆ ಪರೀಕ್ಷಿಸಿದ್ದೂ 28 ದಿನಕ್ಕೆ ಪರೀಕ್ಷಿಸಿದ್ದೂ ಒಂದೇ ಬ್ಯಾಚ್ ಸಂಖ್ಯೆಯಲ್ಲಿರುವುದರಿಂದ ಅಲ್ಲೂ ಇದೇ ಗೋಳು. ಈ ಪಟ್ಟಿಯಲ್ಲಿ ಒಂಟಿ ಕ್ಯೂಬ್ ಕಂಡರೆ ಹಾಗೇ ಬಿಡಬೇಡಿ, ಲ್ಯಾಬಿನ ಕಾಗದದ ಪ್ರತಿ ತರಿಸಿ ತಾಳೆ ನೋಡಿ.

ಎಂ ಸ್ಯಾಂಡ್ ಲೋಡೂ ಹಾಗೆ. ಒಂದೇ ಟಿಪ್ಪರ್, ಒಂದೇ ದಿನ, ಅಷ್ಟೇ ಅಳತೆ, ಎರಡು ಟ್ರಿಪ್ಪು. ಬೇರೆ ಇರುವುದು ಚಲನ್ ಸಂಖ್ಯೆ ಮಾತ್ರ. ಹಾಜರಿಯಲ್ಲಂತೂ ಕೇಳಬೇಡಿ, ಮೂವರು ಮಂಜುನಾಥರಿಲ್ಲದ ಸೈಟನ್ನು ನಾನು ಶಿವಮೊಗ್ಗ ಜಿಲ್ಲೆಯಲ್ಲಿ ನೋಡಿಲ್ಲ. "ಡೂಪ್ಲಿಕೇಟ್" ಎಂದರೆ ಯಾವ ಯಾವ ಅಂಕಣ ಹೊಂದಿರಬೇಕು ಎಂಬುದನ್ನು ಪ್ರತಿ ಬಗೆಯ ದಾಖಲೆಗೂ ಬೇರೆಬೇರೆಯಾಗಿ ಬರೆದುಕೊಡುವವರೆಗೆ ಆ ಕೆಲಸವನ್ನು ಏಜೆಂಟಿಗೆ ಒಪ್ಪಿಸಬೇಡಿ.

"ಬೇರೆ ಯಾವುದೋ ಹೋಗಿದೆ"

ಮೊದಲು ಮಾತು ನೋಡಿ. ಮಾತುಕತೆಯಲ್ಲಿ ತೆಗಿ, ಎತ್ತು, ಮುಗಿಸು, ಹೊಡೆದುಹಾಕು, ಕ್ಲೋಸ್ ಮಾಡು ಇವುಗಳಲ್ಲಿ ಯಾವುದು ಬಂದಿದೆ? "ಆ ಬಿಲ್ ಮುಗಿಸಿಬಿಡು" ಅಂದರೆ ದುಡ್ಡು ಕೊಟ್ಟು ಚುಕ್ತಾ ಮಾಡು ಎಂದು. "ಆ ಕೆಲಸ ಕ್ಲೋಸ್ ಮಾಡು" ಅಂದರೆ ಮುಗಿದದ್ದರ ಪಟ್ಟಿಗೆ ಸೇರಿಸು ಎಂದು. ನಮ್ಮ ಜನ ಅಳಿಸಬೇಕಾದಾಗ "ಡಿಲೀಟ್ ಮಾಡು" ಎಂದೇ ಹೇಳುತ್ತಾರೆ. ಹಾಗಾಗಿ ಆ ಎರಡು ಪದ, "ಡಿಲೀಟ್" ಅಥವಾ "ಅಳಿಸು", ಇಲ್ಲದ ಮಾತಿಗೆ ಟೂಲನ್ನು ಕರೆಯಲೇಬಾರದು ಎಂದು ವಿವರಣೆಯಲ್ಲಿ ಬರೆದೆ. ಅರ್ಧ ದೂರು ಅಲ್ಲಿಗೇ ನಿಂತಿತು.

ಮಾತು ಸರಿಯಿದ್ದರೆ ತಾರೀಕು ನೋಡಿ. ನೀವು 11ನೇ ತಾರೀಕಿನದ್ದು ಹೇಳಿ 12ರದ್ದು ಹೋಗಿದೆಯೇ? ನಮ್ಮ ಗಡಿಯಾರ ಸರ್ವರುಗಳು ಸಾಮಾನ್ಯವಾಗಿ ಬಳಸುವ ಜಾಗತಿಕ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಬರೀ ತಾರೀಕಿನ ದಾಖಲೆಯನ್ನು ಸಾಫ್ಟ್‌ವೇರ್ ಅವತ್ತಿನ ನಡುರಾತ್ರಿಯ ಹೊತ್ತಾಗಿ ಇಟ್ಟುಕೊಂಡರೆ, ಜೂನ್ 12ರ 00:00 ಸರ್ವರಿನಲ್ಲಿ ಜೂನ್ 11ರ 18:30 ಆಗುತ್ತದೆ. ಸರ್ವರಿನ ಲೆಕ್ಕದಲ್ಲಿ "11ರದ್ದು ಅಳಿಸು" ಅಂದರೆ ನಿಮ್ಮ 12ರದ್ದು. ಒಂದು ದಿನ ಮುಂದಿನದೇ ಹೋಗಿದ್ದರೆ ಬೇರೆ ಕಾರಣ ಹುಡುಕುವ ಶ್ರಮ ಬೇಡ.

ಒಂದು ಅಳಿಸಲು ಹೇಳಿ ಮೂರು ಹೋಗಿದ್ದರೆ, ಟೂಲಿಗೆ ಐಡಿ ಕೊಟ್ಟಿದ್ದಿರೋ ಅಥವಾ "ಕೊನೆಯ ನಮೂದು" ಎಂದಿದ್ದಿರೋ? ಎಚ್‌ಟಿಟಿಪಿ (ಸರ್ವರಿನೊಂದಿಗೆ ಮಾತಾಡುವ ಇಂಟರ್ನೆಟ್ ಪದ್ಧತಿ) ನಿಯಮದಲ್ಲಿ ಡಿಲೀಟ್ ಎಂಬುದು ಒಂದು ಸಲ ಕಳಿಸಿದರೂ ಹತ್ತು ಸಲ ಕಳಿಸಿದರೂ ಪರಿಣಾಮ ಒಂದೇ ಇರಬೇಕಾದ ಕರೆ. ಐಡಿ ಕೊಟ್ಟಾಗ ಹಾಗೇ ಇರುತ್ತದೆ. "ಕೊನೆಯದು" ಎಂದಾಗ ಹಾಗಲ್ಲ: ಮೊದಲ ಕರೆ ಕೊನೆಯದನ್ನು ಅಳಿಸಿತು, ನೆಟ್ ಹೋಗಿ ಮತ್ತೆ ಕರೆದಾಗ ಅದರ ಹಿಂದಿನದು "ಕೊನೆಯದು" ಆಗಿತ್ತು. ಆಷಾಢದ ಮಳೆಯಲ್ಲಿ ಹೊಸನಗರದ ಒಂದು ಗೋಡೌನಿನ ಸಿಮೆಂಟ್ ಲೆಕ್ಕದಲ್ಲಿ ಹೀಗೇ ಮೂರು ನಮೂದು ಹೋದವು. ಚೀಲ ಗೋಡೌನಿನಲ್ಲಿವೆ, ಪುಸ್ತಕದಲ್ಲಿಲ್ಲ. ಸ್ಟೋರಿನವನ ಮೇಲೆ ಕಳ್ಳತನದ ಅನುಮಾನ ಬರಲಿಲ್ಲ, ಯಾಕೆಂದರೆ ಕಳ್ಳತನದಲ್ಲಿ ಚೀಲ ಹೆಚ್ಚಾಗುವುದಿಲ್ಲ.

"ಒಂದು ಅಳಿಸಿದೆ, ಜೊತೆಗೆ ಹತ್ತು ಹೋದವು"

ಜಂಬಿಟ್ಟಿಗೆ ಕೊಡುತ್ತಿದ್ದವರ ಹೆಸರನ್ನು ಪೂರೈಕೆದಾರರ ಪಟ್ಟಿಯಿಂದ ಅಳಿಸಿದಿರಿ. ಅವರ ಖರೀದಿ ಆದೇಶ, ಚಲನ್, ಬಾಕಿ ಏನಾದವು? ಮೂರು ಸಾಧ್ಯತೆ. ಸರ್ವರ್ ಅಳಿಸಲು ಒಪ್ಪದೆ 409 ಕೊಟ್ಟಿದ್ದರೆ ಬಚಾವ್. ಹಳೆಯ ಖರೀದಿಗಳು ಇದ್ದು ಪೂರೈಕೆದಾರರ ಜಾಗ ಖಾಲಿ ಕಂಡರೆ ಕೊಂಡಿ ಮಾತ್ರ ಕಳಚಿದೆ, ಐಡಿ ಗೊತ್ತಿದ್ದರೆ ಜೋಡಿಸಬಹುದು. ಕೆಲಸದ ಒಟ್ಟು ಖರ್ಚೇ ಇದ್ದಕ್ಕಿದ್ದಂತೆ ಇಳಿದಿದ್ದರೆ ಎಲ್ಲವೂ ಜೊತೆಯಲ್ಲೇ ಹೋಗಿವೆ, ಇದು ಮನೆಮದ್ದಿಗೆ ಬಗ್ಗುವುದಲ್ಲ.

ಬುಟ್ಟಿಯಿಂದ ಪೂರೈಕೆದಾರರನ್ನು ಮರಳಿ ತಂದರೆ ಮಕ್ಕಳು ಮರಿ ಸಮೇತ ಬರುತ್ತವೆ ಎಂದು ನಂಬಬೇಡಿ. ಕೆಲವು ಸಾಫ್ಟ್‌ವೇರಿನಲ್ಲಿ ಬರುತ್ತವೆ, ಕೆಲವದರಲ್ಲಿ ಇಲ್ಲ. ಫೋಟೋ, ಪಿಡಿಎಫ್‌ನಂಥ ಕಡತಗಳು ಬುಟ್ಟಿಗೆ ಬೀಳದೆ ನೇರ ಹೋಗುವುದೂ ಉಂಟು. ಒಂದು ಡಮ್ಮಿ ಪೂರೈಕೆದಾರನನ್ನು ಸೃಷ್ಟಿಸಿ, ಎರಡು ಚಲನ್, ಒಂದು ಫೋಟೋ ಸೇರಿಸಿ, ಅಳಿಸಿ, ಮರಳಿ ತಂದು ನೋಡಿ. ಅಸಲಿ ಅವಘಡಕ್ಕೆ ಮೊದಲೇ ಮಾಡಿದರೆ ಇದು ಹತ್ತು ನಿಮಿಷದ ಕೆಲಸ.

"ಯಾರೂ ಹೇಳದೆಯೇ ಅಳಿಸಿದೆ"

ಹೇಳಿದ್ದಾರೆ, ನಿಮಗೆ ಗೊತ್ತಿಲ್ಲ ಅಷ್ಟೆ. ಅಳಿಸುವ ಮೊದಲು ಏಜೆಂಟು ಏನೇನು ಓದಿತು ಎಂದು ಲಾಗಿನಲ್ಲಿ ಹಿಂದಕ್ಕೆ ಹೋಗಿ. ನಮಗೆ ಸಿಕ್ಕಿದ್ದು ದಿನದ ವರದಿಯ ಷರಾದಲ್ಲಿ: "ಹಳೇ ರೇಟಿನ ಕೊಟೇಶನ್ ಎಲ್ಲ ಡಿಲೀಟ್ ಮಾಡಿ, ಹೊಸದು ಬಂದಿದೆ." ಇಂಜಿನಿಯರು ಆಫೀಸಿನ ಹುಡುಗಿಗೆ ಬರೆದದ್ದು. ವಾರದ ವರದಿ ತಯಾರಿಸಲು ಅದನ್ನು ಓದಿದ ಏಜೆಂಟು ತನಗೇ ಹೇಳಿದ್ದೆಂದುಕೊಂಡಿತು. ಇಲ್ಲಿ ದುರುದ್ದೇಶ ಇರಲಿಲ್ಲ. ಆದರೆ ಹೊರಗಿನವರು ಕಳಿಸಿದ ಪಿಡಿಎಫ್‌ನಲ್ಲಿ ಬೇಕೆಂದೇ ಇಂಥ ಸಾಲು ಹುದುಗಿಸಿಡಬಹುದು. ಓವಾಸ್ಪ್ ಎಂಬ ಭದ್ರತಾ ಸಂಸ್ಥೆ ಭಾಷಾ ಮಾಡೆಲುಗಳ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಟ್ಟಿರುವುದು ಇದಕ್ಕೇ.

ಇದನ್ನು ವಿವರಣೆಯ ಮಾತಿನಿಂದಷ್ಟೇ ತಡೆಯಲಾಗದು. ಅಳಿಸುವ ಮುನ್ನ ಮನುಷ್ಯನ ಬೆರಳು ಬೇಕು. ನಿಮ್ಮ ಜೋಡಣೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲಿನದ್ದಾದರೆ (ಏಜೆಂಟಿಗೆ ಟೂಲ್ ಜೋಡಿಸುವ ಒಂದು ಪದ್ಧತಿ) ಟೂಲಿನ ಸೂಚನೆಗಳಲ್ಲಿ "ಹಾನಿಕರ" ಎಂಬ ಗುರುತು ಇರುತ್ತದೆ, ಏನೂ ಬರೆಯದಿದ್ದರೆ ಹೌದು ಎಂದೇ ಲೆಕ್ಕ. "ಪ್ರತಿ ಸಲ ಕೇಳುತ್ತದೆ, ಕಿರಿಕಿರಿ" ಎಂದು ಯಾರಾದರೂ ಅದನ್ನು ಅಲ್ಲ ಎಂದು ತಿದ್ದಿದ್ದಾರೆಯೇ ನೋಡಿ. ಆದರೆ ಅದು ಬರೀ ಸೂಚನೆ, ಬೀಗವಲ್ಲ. ನಿಜವಾದ ಬೀಗ ಸರ್ವರಿನಲ್ಲಿರಬೇಕು.

ವಿವರಣೆಯನ್ನು ತಿದ್ದುವುದು

ಕಾರಣ ಯಾವುದೇ ಸಿಕ್ಕಲಿ, ಕೊನೆಗೆ ಕೈ ಹೋಗುವುದು ಟೂಲಿನ ವಿವರಣೆಗೆ. ಏಜೆಂಟಿಗೆ ಅದೇ ಕೈಪಿಡಿ, ಅದೇ ತರಬೇತಿ, ಅದೇ ಮೇಸ್ತ್ರಿ. ಹೊಸದಾಗಿ ಸೇರಿದ ಗುಮಾಸ್ತನಿಗೆ "ದಾಖಲೆಯನ್ನು ತೆಗೆಯುತ್ತದೆ" ಎಂದು ಚೀಟಿ ಕೊಟ್ಟು ಕೂರಿಸಿದರೆ ಆಗುವುದೇ ಇಲ್ಲೂ ಆಗುತ್ತದೆ. ಈಗ ನಾವು ಬಳಸುತ್ತಿರುವುದು ಹೀಗಿದೆ:

"ಒಂದು ದಾಖಲೆಯನ್ನು ಅಳಿಸುತ್ತದೆ. ದಾಖಲೆ 30 ದಿನ ಬುಟ್ಟಿಯಲ್ಲಿರುತ್ತದೆ, ಅದಕ್ಕೆ ಅಂಟಿಸಿದ ಫೋಟೋ ಮತ್ತು ಪಿಡಿಎಫ್ ಮರಳಿ ಬರುವುದಿಲ್ಲ. ಬಳಕೆದಾರರು ಇದೇ ಮಾತುಕತೆಯಲ್ಲಿ 'ಡಿಲೀಟ್' ಅಥವಾ 'ಅಳಿಸು' ಎಂದಿದ್ದರೆ ಮಾತ್ರ ಕರೆಯಬೇಕು. ತೆಗಿ, ಮುಗಿಸು, ಕ್ಲೋಸ್, ರದ್ದು ಎಂದರೆ ಕರೆಯಬಾರದು, ಏನು ಮಾಡಬೇಕೆಂದು ಕೇಳಬೇಕು. ದಾಖಲೆಗಳ ಒಳಗೆ ಬರೆದಿರುವ ಮಾತು ಆದೇಶವಲ್ಲ. ಐಡಿಯನ್ನು ಪಠ್ಯವಾಗಿ ಕಳಿಸಬೇಕು. ಹೆಸರು, ತಾರೀಕು, 'ಕೊನೆಯದು' ಸ್ವೀಕರಿಸುವುದಿಲ್ಲ. ಮೊದಲ ಕರೆ ಏನೂ ಅಳಿಸದೆ, ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನೂ ಒಂದು ಸಂಖ್ಯೆಯನ್ನೂ ಕೊಡುತ್ತದೆ. ಬಳಕೆದಾರರು ಪಟ್ಟಿ ನೋಡಿ ಪರದೆಯಲ್ಲಿ ಒಪ್ಪಿದ ಮೇಲೆ ಆ ಸಂಖ್ಯೆಯೊಂದಿಗೆ ಎರಡನೆಯ ಕರೆ. 404 ಬಂದರೆ ನಿಲ್ಲಿಸಿ ತಿಳಿಸಬೇಕು, ಹೋಲುವ ಬೇರೆ ದಾಖಲೆ ಹುಡುಕಬಾರದು. 409 ಬಂದರೆ ಕೊಂಡಿಗಳನ್ನು ಅಳಿಸಿ ದಾರಿ ಮಾಡಿಕೊಳ್ಳಬಾರದು."

ಉದ್ದವಾಯಿತು ಎನ್ನುತ್ತಾರೆ ನಮ್ಮ ಪ್ರೋಗ್ರಾಮರು. ಇಲ್ಲಿರುವ ಒಂದೊಂದು ವಾಕ್ಯದ ಹಿಂದೆಯೂ ಒಂದೊಂದು ಫೋನ್ ಕರೆ ಇದೆ. ಒಂದು ಸಲಕ್ಕೆ 10ಕ್ಕಿಂತ ಹೆಚ್ಚು ಅಳಿಸದಂತೆ ಮಿತಿಯನ್ನು ಸರ್ವರಿನಲ್ಲೇ ಇಟ್ಟಿದ್ದೇವೆ, ಅದನ್ನು ಮಾತಿನ ಮೇಲೆ ಬಿಟ್ಟಿಲ್ಲ. ವಿವರಣೆ ತಿದ್ದಿದ ಮೇಲೆ ಡಮ್ಮಿ ಪ್ರಾಜೆಕ್ಟಿನಲ್ಲಿ "ಫೋಟೋ ತೆಗಿ", "ಬಿಲ್ ಮುಗಿಸು" ಎಂದೆಲ್ಲ ಹೇಳಿ, ಟೂಲಿನ ಕರೆ ಹೋಗುತ್ತದೆಯೇ ಎಂದು ನೋಡಿಯೇ ಅಸಲಿ ಕೆಲಸಕ್ಕೆ ಬಿಡಿ.

ಇಲ್ಲಿ ಕೈ ಬಿಟ್ಟು ತಿಳಿದವರನ್ನು ಕರೆಯಿರಿ

ಬ್ಯಾಕಪ್ಪನ್ನು ನಡೆಯುತ್ತಿರುವ ಡೇಟಾಬೇಸಿನ ಮೇಲೆ ನೀವೇ ಸುರಿಯಬೇಡಿ. ನಿನ್ನೆಯ ಬ್ಯಾಕಪ್ ತಂದರೆ ಇವತ್ತು ಎಂಟು ಸೈಟಿನವರು ಬರೆದದ್ದೆಲ್ಲ ಹೋಗುತ್ತದೆ. ಬೇರೆ ಕಡೆ ಬಿಚ್ಚಿಸಿ, ಬೇಕಾದ ದಾಖಲೆಗಳನ್ನಷ್ಟೇ ತರಿಸಿ. "ಮರಳಿ ತರಲಾಗದು" ಎಂದು ಏಜೆಂಟು ಹೇಳಿದರೂ ಎದೆಗುಂದಬೇಡಿ. 2025ರ ಜುಲೈಯಲ್ಲಿ ಜಗತ್ತಿನೆಲ್ಲೆಡೆ ಸುದ್ದಿಯಾದ ಒಂದು ಪ್ರಕರಣದಲ್ಲಿ, ಡೇಟಾಬೇಸ್ ಅಳಿಸಿದ ಏಜೆಂಟು ಅದನ್ನು ಹಿಂದಕ್ಕೆ ತರಲಾಗದು ಎಂದಿತ್ತು; ತರಲು ಆಯಿತು.

ಬಿಲ್ಲು, ಇನ್‌ವಾಯ್ಸು ಹೋಗಿದ್ದರೆ ಅದೇ ದಿನ ಲೆಕ್ಕಪರಿಶೋಧಕರಿಗೆ ತಿಳಿಸಿ. ಜಿಎಸ್‌ಟಿ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಕಂಪನಿಯಾಗಿ ನೋಂದಾಯಿಸಿದವರ ಲೆಕ್ಕದ ಸಾಫ್ಟ್‌ವೇರಿನಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಲಾಗ್ ಇರಲೇಬೇಕು, ಅದನ್ನು ಆರಿಸುವಂತಿಲ್ಲ. ಆರಿಸಿ "ಸರಿ ಮಾಡಿಕೊಳ್ಳುವ" ಉಪಾಯ ಹೇಳುವವರ ಮಾತು ಕೇಳಬೇಡಿ. ಇ-ವೇ ಬಿಲ್ಲಿನ ದಾಖಲೆ ನಿಮ್ಮ ಸಾಫ್ಟ್‌ವೇರಿನಿಂದ ಹೋದರೆ ಪೋರ್ಟಲಿನಲ್ಲಿ ಅದು ರದ್ದಾಗುವುದಿಲ್ಲ. ರದ್ದು ಮಾಡುವುದಿದ್ದರೆ ಅಲ್ಲೇ, ಬಿಲ್ ರಚಿಸಿದ 24 ಗಂಟೆಯೊಳಗೆ.

ಸುರಕ್ಷತೆಯ ಷರಾಗಳು ಹೋಗಿದ್ದರೆ ಕಂಪ್ಯೂಟರ್ ಬಿಟ್ಟು ಮೊದಲು ಸೈಟಿಗೆ ಫೋನ್ ಮಾಡಿ. "ಮೂರನೇ ಮಹಡಿ ಸಾರವೆ ಸಡಿಲ, ಹತ್ತಬೇಡಿ", "ಮಿಕ್ಸರಿನ ವೈರು ಕಿತ್ತಿದೆ" ಎಂಬ ನಮೂದು ಪಟ್ಟಿಯಿಂದ ಮಾಯವಾದರೆ ಬೆಳಗ್ಗೆ ಬರುವ ಗಾರೆಯವರಿಗೆ ಅದು ಸರಿಯಾಗಿದೆ ಎಂದೇ ಅರ್ಥ. ಅಂಥ ದಾಖಲೆಗಳನ್ನು ಏಜೆಂಟಿನ ಡಿಲೀಟ್ ಟೂಲಿಗೆ ಕಾಣದಂತೆಯೇ ಇಡಿ.

ಸಾಗರದ ಆ 14 ಫೋಟೋಗಳಲ್ಲಿ 11 ಸಿಕ್ಕಿದವು, ಬುಟ್ಟಿಯಲ್ಲಲ್ಲ, ಮೇಸ್ತ್ರಿಯ ಫೋನಿನಲ್ಲಿ. ಮಗಳ ಬಾಣಂತನಕ್ಕೆಂದು ಅವರು ನಗರ ಎಂಬ ಆ ಊರಿನ ಹತ್ತಿರದ ಹಳ್ಳಿಗೆ ಹೋಗಿದ್ದರು, ಮೂರು ದಿನ ಸಿಗ್ನಲ್ ಇರಲಿಲ್ಲ. ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿ ಫೋನ್ ಏರೋಪ್ಲೇನ್ ಮೋಡಿಗೆ ಹಾಕಿಸಿದೆವು. ಉಳಿದ ಮೂರು ಫೋಟೋದಲ್ಲಿದ್ದ ಪಾಯಕ್ಕೆ ಇಂಜಿನಿಯರು ಮಣ್ಣು ಬಗೆಸಿ, ಕವರ್ ಮೀಟರ್ ಇಟ್ಟು ಒಳಗಿನ ಕಂಬಿ ಪತ್ತೆ ಮಾಡಿದರು. ಅದರ ಖರ್ಚು ಆ ತಿಂಗಳ ನಮ್ಮ ಬಿಲ್ಲಿನಲ್ಲಿ ಕಡಿತವಾಗಿ ಬಂತು.